ನೋವಿಲ್ಲ ಅಂದ್ರೆ ವಾಸಿ ಅಂತಲ್ಲ: ಪಾದದ ಕಾಯಿಲೆ, ನಮ್ಮ ಮಾತು ಮತ್ತು ಆರೈಕೆ

(‘ದೇಹ ಮತ್ತು ಭಾಷೆ’ ಎಂಬ ವಿಷಯದ ಮೇಲೆ ಸ್ನಾತಕೋತ್ತರ ವಿದ್ಯಾರ್ಥಿಗಳು ನಡೆಸಿದ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ನನ್ನ ಧ್ವನಿ ಕೇಳಿಸ್ತಾ ಇದೆ ಅಂದ್ಕೊಳ್ತೀನಿ. ನಮ್ಮೂರಲ್ಲಿ ನೆಟ್‌ವರ್ಕ್ ಹೋಗಿ ಬಂದು ಮಾಡ್ತದೆ, ನಡುವೆ ನಿಂತರೆ ದಯವಿಟ್ಟು ಚಾಟ್‌ನಲ್ಲಿ ತಿಳಿಸಿ.

ನಾನು ಮಾತಾಡ್ತಿರುವುದು ಗೆಟ್ಟವಾಡಿಯಿಂದ. ತಮಿಳುನಾಡಿನ ಈರೋಡು ಜಿಲ್ಲೆ, ತಾಳವಾಡಿ ಬೆಟ್ಟದ ಸೀಮೆ. ಡಾ. ರಾಜ್‌ಕುಮಾರ್ ಅವರ ಗಾಜನೂರು ನಮ್ಮ ಸೀಮೆಯದೇ ಅಂದ್ರೆ ಹೆಚ್ಚಿನವರಿಗೆ ಗುರುತು ಸಿಗ್ತದೆ. ಇಲ್ಲಿ ಮನೆ ಮಾತು ಕನ್ನಡ, ಕಚೇರಿ ಮಾತು ತಮಿಳು. ದೊಡ್ಡ ಕಾಯಿಲೆ ಬಂದರೆ ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲದ ಕಡೆ ಹೋಗ್ತೀವಿ, ಇಲ್ಲಾಂದ್ರೆ ಗಡಿ ದಾಟಿ ಚಾಮರಾಜನಗರಕ್ಕೆ.

ಕನ್ನಡ ಎಂ.ಎ. ಓದುವವರಿಗೂ ಕಾಲುನೋವಿಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಉತ್ತರ ನಮ್ಮ ಮನೆಯಲ್ಲೇ ಇದೆ. ನಮ್ಮಜ್ಜಿಯ ಬಲಗಾಲಿನಲ್ಲಿ ಈಗ ನಾಲ್ಕೇ ಬೆರಳು. ಐದನೆಯದು ಹೋದದ್ದರಲ್ಲಿ ನಾನು ಮಾಡಿದ ಒಂದು ಅನುವಾದದ ಪಾಲೂ ಇದೆ. ಅದನ್ನು ಮುಂದೆ ಹೇಳ್ತೀನಿ. ಅದಕ್ಕೂ ಮುಂಚೆ ನಮ್ಮ ಕಡೆ ಹೆಚ್ಚಾಗಿ ಕಾಣುವ ಪಾದದ ತೊಂದರೆಗಳನ್ನು, ಜನ ಅವಕ್ಕೆ ಇಟ್ಟಿರುವ ಹೆಸರಿನಿಂದಲೇ ಶುರು ಮಾಡಿ ನೋಡೋಣ. ನಾನು ವೈದ್ಯನಲ್ಲ. ಇಲ್ಲಿ ಹೇಳುವ ವೈದ್ಯಕೀಯ ಸಂಗತಿಗಳು ವೈದ್ಯರಲ್ಲಿ ಸಾಮಾನ್ಯವಾಗಿ ಒಪ್ಪಿತವಾದವು. ಅವನ್ನು ನಮ್ಮ ಮಾತಿಗೆ ತರುವುದಷ್ಟೇ ನನ್ನ ಕೆಲಸ.

1. ಪಾದದ ಕಟ್ಟಡ

ಒಂದು ಪಾದದಲ್ಲಿ 26 ಮೂಳೆಗಳಿವೆ. ಎರಡೂ ಸೇರಿ 52. ಇಡೀ ದೇಹದ 206 ಮೂಳೆಗಳಲ್ಲಿ ಕಾಲು ಭಾಗ ಕಾಲಿನ ತುದಿಯಲ್ಲೇ ಇವೆ! ಇವುಗಳಲ್ಲಿ ದೊಡ್ಡದು ಹಿಮ್ಮಡಿ ಮೂಳೆ. ಅಲ್ಲಿಂದ ಬೆರಳುಗಳ ಬುಡದವರೆಗೆ ಅಂಗಾಲಿನ ಅಡಿಯಲ್ಲಿ ಒಂದು ಗಟ್ಟಿ ಪಟ್ಟಿ ಹಬ್ಬಿದೆ. ಬಿಲ್ಲಿಗೆ ಹೆದೆ ಇದ್ದ ಹಾಗೆ ಅಂದುಕೊಳ್ಳಿ. ಪಾದದ ಕಮಾನು ಬಿಲ್ಲು, ಈ ಪಟ್ಟಿ ಹೆದೆ. ಮೀನಖಂಡದಿಂದ ಇಳಿದು ಬರುವ ದಪ್ಪ ನರ ಹಿಮ್ಮಡಿಯ ಹಿಂಭಾಗಕ್ಕೆ ಕಚ್ಚಿಕೊಂಡಿದೆ. ಜನ ಅದನ್ನು ನರ ಅಂದರೂ ಅದು ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ. ಪಾದವೂ ಕಾಲೂ ಸೇರುವ ಜಾಗ ಹರಡು. ನಮ್ಮ ಕಡೆ ಕಾಲ್ಗಿಣ್ಣು ಅಂತೀವಿ. ಅದರ ಎರಡು ಪಕ್ಕ ಉಬ್ಬಿ ಕಾಣುವ ಮೂಳೆಗಳನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳಿ. ಉಳುಕಿನ ಮಾತು ಬಂದಾಗ ಅವು ಬೇಕಾಗ್ತವೆ.

2. ಬೆಳಗಿನ ಮೊದಲ ಹೆಜ್ಜೆ

"ಎದ್ದು ಕಾಲೂರಿದ್ರೆ ಹಿಮ್ಮಡಿಗೆ ಮೊಳೆ ಹೊಡ್ದಂಗಾಯ್ತದ. ನಾಕ್ ಹೆಜ್ಜೆ ಹಾಕುದ್ರೆ ಸರೋಯ್ತದ." ನಮ್ಮೂರಿನ ಹೆಂಗಸರ ಬಾಯಲ್ಲಿ ನಾನು ಹಲವು ಸಲ ಕೇಳಿದ ಮಾತು ಇದು. ಈ ಎರಡು ವಾಕ್ಯದಲ್ಲೇ ರೋಗದ ಗುರುತು ಪೂರ್ತಿ ಇದೆ. ಈಗ ಹೇಳಿದ ಹೆದೆಯಂಥ ಪಟ್ಟಿ ಹಿಮ್ಮಡಿಗೆ ಅಂಟುವ ಜಾಗದಲ್ಲಿ ಸವೆದು ನೊಂದಿರುತ್ತದೆ. ವೈದ್ಯರು ಪ್ಲಾಂಟಾರ್ ಫೇಸಿಯೈಟಿಸ್ ಅನ್ನುವುದು ಇದಕ್ಕೇ. ರಾತ್ರಿಯಿಡೀ ಮುದುಡಿದ್ದ ಪಟ್ಟಿ ಬೆಳಿಗ್ಗೆ ಒಮ್ಮೆಲೇ ಎಳೆದಾಗ ಚುಚ್ಚುತ್ತದೆ, ನಡೆದ ಮೇಲೆ ಸಡಿಲವಾಗುತ್ತದೆ. ತುಂಬ ಹೊತ್ತು ಕೂತು ಎದ್ದರೆ ಮತ್ತೆ ಅದೇ ಕಥೆ. ಸಿಮೆಂಟು ನೆಲದ ಮೇಲೆ ಬರಿಗಾಲಲ್ಲಿ ನಿಂತು ಕೆಲಸ ಮಾಡುವವರಿಗೆ, ತೂಕ ಹೆಚ್ಚಿದವರಿಗೆ, ದಿನವಿಡೀ ನಿಲ್ಲುವವರಿಗೆ ಇದು ಹೆಚ್ಚು.

ಎಕ್ಸ್‌ರೇ ತೆಗೆಸಿದರೆ ಕೆಲವರಿಗೆ ಹಿಮ್ಮಡಿ ಮೂಳೆಯಿಂದ ಕೊಕ್ಕೆಯಂಥದ್ದು ಬೆಳೆದಿರುವುದು ಕಾಣುತ್ತದೆ. "ಮೂಳೆ ಬೆಳೆದಿದೆ" ಅಂತ ಗಾಬರಿ ಬೀಳ್ತಾರೆ. ನೋವೇ ಇಲ್ಲದ ಅನೇಕರಲ್ಲೂ ಆ ಕೊಕ್ಕೆ ಇರುತ್ತದೆ. ಹಾಗಾಗಿ ನೋವಿಗೆ ಅದೇ ಕಾರಣ ಅನ್ನುವಂತಿಲ್ಲ.

ಆರೈಕೆ ಸರಳ, ಆದರೆ ತಾಳ್ಮೆ ಬೇಕು. ಹಾಸಿಗೆಯಿಂದ ಇಳಿಯುವ ಮೊದಲು ಬೆರಳುಗಳನ್ನು ಕೈಯಿಂದ ಹಿಡಿದು ನಮ್ಮ ಕಡೆಗೆ ಹತ್ತು ಸಲ ಎಳೆಯುವುದು. ಗೋಡೆಗೆ ಕೈಕೊಟ್ಟು, ನೋವಿರುವ ಕಾಲನ್ನು ಹಿಂದಿಟ್ಟು, ಮಂಡಿ ಬಗ್ಗಿಸದೆ, ಹಿಮ್ಮಡಿ ನೆಲದಲ್ಲೇ ಇರುವ ಹಾಗೆ ಮುಂದಕ್ಕೆ ವಾಲಿ ಅರ್ಧ ನಿಮಿಷ ನಿಲ್ಲುವುದು. ತಣ್ಣೀರು ತುಂಬಿದ ಬಾಟಲಿಯನ್ನು ಅಂಗಾಲಿನ ಕೆಳಗೆ ಉರುಳಿಸುವುದು. ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕುವುದು. ಹೆಚ್ಚಿನವರಿಗೆ ಒಂದು ವರ್ಷದೊಳಗೆ ಶಸ್ತ್ರಚಿಕಿತ್ಸೆಯಿಲ್ಲದೆ ವಾಸಿಯಾಗುತ್ತದೆ. ಒಂದು ವಾರ ಮಾಡಿ "ಏನೂ ಆಗ್ನಿಲ್ಲ" ಅಂತ ಬಿಡುವುದೇ ದೊಡ್ಡ ಅಡ್ಡಿ.

3. ಉಳುಕು

ಗದ್ದೆ ಬದುವಿನ ಮೇಲೆ, ಅಗೆದ ಆಲೂಗಡ್ಡೆ ಹೊಲದ ಏರುತಗ್ಗಿನಲ್ಲಿ ಪಾದ ಒಳಮಗ್ಗುಲಿಗೆ ಹೊರಳಿ, ಕಾಲ್ಗಿಣ್ಣಿನ ಹೊರಭಾಗದ ಕಟ್ಟುಗಳು ಹಿಗ್ಗುವುದು ಅಥವಾ ಹರಿಯುವುದೇ ಉಳುಕು. ನಮ್ಮ ಕಡೆ ಇದಕ್ಕೆ ತಕ್ಷಣದ ಮದ್ದು ನೀವಿಸುವುದು. ಬಿಸಿ ಎಣ್ಣೆ ಹಚ್ಚಿ ಎಳೆದು ನೀವಿ "ಉಳುಕು ತೆಗೆದೆ" ಅಂತಾರೆ. ಹುಣಸೆಹಣ್ಣು ಉಪ್ಪಿನ ಬಿಸಿ ಪಟ್ಟು ಹಾಕ್ತಾರೆ. ಕಾಲು ಮುಂದಾಗಿ ಹುಟ್ಟಿದವರ ಕೈಯಲ್ಲಿ, ಅಲ್ಲ, ಕಾಲಲ್ಲಿ ಮುಟ್ಟಿಸಿಕೊಂಡರೆ ಹಿಡಿತ ಬಿಡ್ತದೆ ಅನ್ನುವ ನಂಬಿಕೆಯೂ ಇದೆ. ಮುಟ್ಟಿಸಿಕೊಳ್ಳುವುದರಿಂದ ಕೆಡುಕಿಲ್ಲ. ಕೆಡುಕಿರುವುದು ನೀವುವುದರಲ್ಲಿ. ಮೊದಲ ಎರಡು ಮೂರು ದಿನ ಒಳಗೆ ರಕ್ತ ಒಸರುತ್ತಿರುತ್ತದೆ. ಆಗ ಬಿಸಿಯೂ ಬೇಡ, ನೀವುವುದೂ ಬೇಡ, ಎರಡರಿಂದಲೂ ಬಾವು ಹೆಚ್ಚುತ್ತದೆ. ಒಳಗೆ ಮೂಳೆ ಮುರಿದಿದ್ದರಂತೂ ಕೇಳುವುದೇ ಬೇಡ.

ಮಾಡಬೇಕಾದದ್ದು ಇಷ್ಟು: ಓಡಾಟ ನಿಲ್ಲಿಸಿ. ಬಟ್ಟೆಯಲ್ಲಿ ಸುತ್ತಿದ ಐಸನ್ನು, ಅದಿಲ್ಲದಿದ್ದರೆ ತಣ್ಣೀರು ಬಟ್ಟೆಯನ್ನು, 15–20 ನಿಮಿಷ ಇಟ್ಟು ತೆಗೆಯಿರಿ, ದಿನಕ್ಕೆ ಹಲವು ಸಲ. ಕ್ರೇಪ್ ಬ್ಯಾಂಡೇಜನ್ನು ಬೆರಳು ನೀಲಿಗಟ್ಟದಷ್ಟು ಬಿಗಿಗೆ ಕಟ್ಟಿ. ಮಲಗಿ ಕಾಲನ್ನು ದಿಂಬಿನ ಮೇಲೆ ಎದೆಮಟ್ಟಕ್ಕಿಂತ ಎತ್ತರಕ್ಕೆ ಇಡಿ. ಬಾವು ಇಳಿದ ಮೇಲೆ ಸುಮ್ಮನೆ ಕೂರಬೇಡಿ, ಪಾದವನ್ನು ಮೇಲೆ ಕೆಳಗೆ ಆಡಿಸಿ. ಕೊನೆಗೆ ಗೋಡೆ ಪಕ್ಕ ಒಂಟಿಕಾಲಲ್ಲಿ ನಿಲ್ಲುವ ಅಭ್ಯಾಸ ಮಾಡಿ. ಒಮ್ಮೆ ಉಳುಕಿದ ಕಾಲು ಮತ್ತೆ ಮತ್ತೆ ಉಳುಕುವುದು ಈ ಕೊನೆಯ ಮೆಟ್ಟಿಲನ್ನು ಬಿಟ್ಟುಬಿಡುವುದರಿಂದಲೇ ಹೆಚ್ಚು.

ಎಕ್ಸ್‌ರೇ ಯಾವಾಗ ಬೇಕು? ಇದಕ್ಕೆ 1992ರಲ್ಲಿ ಕೆನಡಾದ ಒಟ್ಟಾವದ ವೈದ್ಯರು ಒಂದು ಸರಳ ನಿಯಮ ಮಾಡಿದರು. ಕಾಲ್ಗಿಣ್ಣಿನ ಎರಡು ಪಕ್ಕದ ಉಬ್ಬು ಮೂಳೆಗಳ ಹಿಂಬದಿ ಅಂಚು ಅಥವಾ ತುದಿಯನ್ನು ಒತ್ತಿದರೆ ನೋವು; ಪಾದದ ಹೊರ ಅಂಚಿನಲ್ಲಿ, ಕಿರುಬೆರಳಿನ ಸಾಲಿನ ನಡುವೆ ಉಬ್ಬಿರುವ ಮೂಳೆ ಒತ್ತಿದರೆ ನೋವು; ಪಾದದ ಒಳ ಅಂಚಿನ ನಡುಭಾಗದ ಮೂಳೆ ಒತ್ತಿದರೆ ನೋವು; ಬಿದ್ದಾಗಲೂ ಆಮೇಲೂ ನಾಲ್ಕು ಹೆಜ್ಜೆ ಇಡಲಾಗುತ್ತಿಲ್ಲ. ಇವುಗಳಲ್ಲಿ ಒಂದಿದ್ದರೂ ಎಕ್ಸ್‌ರೇ ಬೇಕು. ಘಾಟಿ ಇಳಿದು ಹೋಗಿ ಬರಲು ಒಂದು ದಿನದ ಕೂಲಿ ಕಳೆದುಕೊಳ್ಳುವವರಿಗೆ "ಹೋಗಲೇಬೇಕಾ?" ಅನ್ನುವ ಪ್ರಶ್ನೆಗೆ ಇಂಥ ನಿಯಮ ಬೆಲೆಯುಳ್ಳದ್ದು. ಆದರೆ ಒಂದು ಎಚ್ಚರಿಕೆ: ಕಾಲಿನಲ್ಲಿ ಸ್ಪರ್ಶ ಕಳೆದುಕೊಂಡವರಿಗೆ ಈ ನಿಯಮ ನೆಚ್ಚಲು ಬಾರದು. ಒತ್ತಿದರೆ ನೋಯುತ್ತದೆಯೇ ಅಂತ ಕೇಳಬೇಕಾದದ್ದು ಯಾರನ್ನು? ನೋವೇ ಗೊತ್ತಾಗದವರನ್ನೇ? ಈ ಮಾತನ್ನು ನೆನಪಿಟ್ಟುಕೊಳ್ಳಿ.

4. ಒಡಕು, ಆಣಿ, ಕೆಸರು ಹುಣ್ಣು

ಇವನ್ನು ಬೇಗ ಮುಗಿಸ್ತೀನಿ. ಹಿಮ್ಮಡಿ ಒಡಕು ಒಣಗಿ ದಪ್ಪಗಟ್ಟಿದ ಚರ್ಮ ಭಾರಕ್ಕೆ ಸೀಳುವುದರಿಂದ ಬರುತ್ತದೆ. ರಾತ್ರಿ ಉಗುರು ಬೆಚ್ಚಗಿನ ನೀರಲ್ಲಿ ನೆನೆಸಿ, ಕಾಲುಜ್ಜುವ ಕಲ್ಲಿನಿಂದ ಮೆಲ್ಲಗೆ ಉಜ್ಜಿ, ಒರೆಸಿ, ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಿ, ಕಾಲುಚೀಲ ಹಾಕಿ ಮಲಗಬೇಕು. ರಕ್ತ ಬರುವ ಒಡಕು ಹುಣ್ಣಿಗೆ ಸಮ.

ಆಣಿ ಒಂದೇ ಜಾಗದ ಮೇಲೆ ಬೀಳುವ ಒತ್ತಡದ ಫಲ. ಬ್ಲೇಡಿನಲ್ಲಿ ಕೊಯ್ದರೆ ಒತ್ತಡ ಹೋಗುವುದಿಲ್ಲ, ಆಣಿ ಮತ್ತೆ ಬರುತ್ತದೆ. ಚಪ್ಪಲಿ ಬದಲಾಯಿಸುವುದೇ ಮೂಲ ಚಿಕಿತ್ಸೆ. ಅಂಗಡಿಯಲ್ಲಿ ಸಿಗುವ ಆಣಿ ಪಟ್ಟಿಯಲ್ಲಿ ಚರ್ಮ ಕರಗಿಸುವ ಆಮ್ಲ ಇರುತ್ತದೆ. ಸಕ್ಕರೆ ಕಾಯಿಲೆ ಇರುವವರು ಅದನ್ನು ಮುಟ್ಟಬಾರದು.

ಮಳೆಗಾಲದಲ್ಲಿ ಬೆರಳ ಸಂದಿಯಲ್ಲಿ ಬೆಳ್ಳಗೆ ಕೊಳೆತಂತಾಗಿ ಕಡಿಯುವ ಕೆಸರು ಹುಣ್ಣಿಗೆ ಹೆಚ್ಚಾಗಿ ಶಿಲೀಂಧ್ರ ಕಾರಣ. ಸಂದಿ ಒರೆಸಿ ಒಣಗಿಸುವುದು ಅರ್ಧ ಮದ್ದು. ಉಳಿದರ್ಧ ಶಿಲೀಂಧ್ರದ ಮುಲಾಮು, ಕಡಿತ ನಿಂತ ಮೇಲೂ ವೈದ್ಯರು ಹೇಳಿದಷ್ಟು ದಿನ ಹಚ್ಚಬೇಕು. ಸ್ಟೀರಾಯ್ಡ್ ಬೆರೆಸಿದ ಮುಲಾಮು ಎರಡು ದಿನ ಹಾಯೆನಿಸಿ ಆಮೇಲೆ ರೋಗವನ್ನು ಹರಡುತ್ತದೆ. ಅಂಗಡಿಯವರನ್ನು ಕೇಳಿಯೇ ತಗೊಳ್ಳಿ.

5. ಮುಳ್ಳು

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಅನ್ನುವುದು ನಮ್ಮ ಗಾದೆ. ನೀತಿಗೆ ಸರಿ, ಪಾದಕ್ಕೆ ಸರಿಯಲ್ಲ. ಸೋಪಿನಲ್ಲಿ ತೊಳೆದು, ಕಾಯಿಸಿ ಆರಿಸಿದ ಸೂಜಿ ಅಥವಾ ಚಿಮಟದಿಂದ ತೆಗೆಯಬೇಕು, ಧನುರ್ವಾಯು ಚುಚ್ಚುಮದ್ದು ಹಾಕಿಸಿ ಎಷ್ಟು ವರ್ಷವಾಯಿತು ಅಂತ ನೆನಪು ಮಾಡಿಕೊಳ್ಳಬೇಕು.

ಮುಳ್ಳಿನ ಇನ್ನೊಂದು ಕಥೆ ನಮ್ಮದೇ ರಾಜ್ಯದ ಮಧುರೆಯದು. 1842ರಲ್ಲಿ ಅಲ್ಲಿನ ಔಷಧಾಲಯದ ವೈದ್ಯ ಗಿಲ್ ಎಂಬುವರು ಒಂದು ವಿಚಿತ್ರ ಪಾದರೋಗವನ್ನು ವರದಿ ಮಾಡಿದರು. ಮುಂದೆ ಅದಕ್ಕೆ ‘ಮಧುರಾ ಪಾದ’ ಅಂತಲೇ ಹೆಸರಾಯಿತು. ಬರಿಗಾಲಲ್ಲಿ ಉಳುವವರಿಗೆ ಮುಳ್ಳು ಚುಚ್ಚಿದ ಗಾಯದಿಂದ ಮಣ್ಣಿನ ಶಿಲೀಂಧ್ರ ಅಥವಾ ಬ್ಯಾಕ್ಟೀರಿಯಾ ಒಳಗೆ ಸೇರುತ್ತದೆ. ಗಂಟು ಮೆಲ್ಲಗೆ ಬೆಳೆಯುತ್ತದೆ, ತೂತು ಬಿದ್ದು ರವೆಯಂಥ ಕಣ ಸೋರುತ್ತದೆ, ಕೊನೆಗೆ ಮೂಳೆಯನ್ನೂ ತಿನ್ನುತ್ತದೆ. ವರ್ಷಗಟ್ಟಲೆ ಯಾಕೆ ಜನ ತೋರಿಸುವುದಿಲ್ಲ? ಹೆಚ್ಚಾಗಿ ಅದು ನೋಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅಲಕ್ಷಿತ ರೋಗಗಳ ಪಟ್ಟಿಗೆ ಸೇರಿಸಿದ್ದು 2016ರಲ್ಲಿ, ಗಿಲ್ ಬರೆದ 174 ವರ್ಷದ ಮೇಲೆ.

6. ನೋವಿಲ್ಲದ ಕಾಲು

ಈಗ ನಮ್ಮಜ್ಜಿಯ ವಿಷಯ. ಅಜ್ಜಿಗೆ ಬಹಳ ವರ್ಷದಿಂದ ಶುಗರ್. ಒಂದು ಸಂಜೆ ಅರಿಶಿನದ ಹೊಲದಿಂದ ಬಂದು ಒಳಗೆ ನಡೆದಾಗ ಸಿಮೆಂಟು ನೆಲದ ಮೇಲೆ ಸಾಲಾಗಿ ಕೆಂಪು ಗುರುತು. ಕುಂಕುಮ ಚೆಲ್ಲಿದೆ ಅಂದುಕೊಂಡೆ. ಅದು ಅಜ್ಜಿಯ ಹೆಜ್ಜೆ. ಬೆರಳಿನ ಬುಡದಲ್ಲಿ ಕೂಳೆ ಚುಚ್ಚಿ ಸೀಳಿತ್ತು. "ನೋವಿಲ್ಲ ಕನ ಮಗ, ಬುಡು" ಅಂದರು.

ಮರುದಿನ ಘಾಟಿ ಇಳಿದು ಒಂದು ಆಸ್ಪತ್ರೆಗೆ ಹೋದೆವು. ಡಾಕ್ಟರು ತಮಿಳಿನಲ್ಲಿ "ವಲಿಕ್ಕುದಾ?" ಅಂತ ಕೇಳಿದರು. ನೋಯ್ತದಾ ಅಂತ. ಅಜ್ಜಿ ನನ್ನ ಮುಖ ನೋಡಿ ಹೇಳಿದ್ದು: "ಕಾಲೇ ಮರ ಆಗ್ಬುಟ್ಟದ." ನಾನು ಆಗಿನ್ನೂ ಹೈಸ್ಕೂಲು. ತಮಿಳಿನಲ್ಲಿ "ನೋವಿಲ್ಲವಂತೆ" ಅಂದುಬಿಟ್ಟೆ. ಅವರು ಪಟ್ಟಿ ಕಟ್ಟಿಸಿ, ಮಾತ್ರೆ ಬರೆದು ಕಳಿಸಿದರು. ಎರಡು ತಿಂಗಳಾಗುವಷ್ಟರಲ್ಲಿ ಬೆರಳು ಕಪ್ಪಾಗಿತ್ತು.

ಎಂ.ಎ.ಗೆ ಬಂದು ದ್ರಾವಿಡ ಭಾಷೆಗಳ ತೌಲನಿಕ ಪಾಠ ಕೇಳುವಾಗ ನನಗೆ ಹೊಳೆದದ್ದು ಇದು: ನಮ್ಮ ‘ಮರಗಟ್ಟು’ ಎಂಬ ಮಾತಿಗೆ ತಮಿಳಿನಲ್ಲಿ ದಿನಬಳಕೆಯ ಜೋಡಿ ಇದೆ, "ಮರತ್ತುಪ್ಪೋಚ್ಚು". ಹೆಚ್ಚುಕಡಿಮೆ ಅದೇ ಮಾತು! ಅಜ್ಜಿ ಹೇಳಿದ್ದನ್ನು ಹಾಗೇ ದಾಟಿಸಿದ್ದರೆ ಡಾಕ್ಟರಿಗೆ ತಕ್ಷಣ ಅರ್ಥವಾಗುತ್ತಿತ್ತು. ನಾನು ‘ಸ್ಪರ್ಶ ಹೋಗಿದೆ’ ಎಂಬ ಕೆಟ್ಟ ಸುದ್ದಿಯನ್ನು ‘ನೋವಿಲ್ಲ’ ಎಂಬ ಒಳ್ಳೆ ಸುದ್ದಿಯಾಗಿ ತರ್ಜುಮೆ ಮಾಡಿದ್ದೆ.

ನೋವಿಲ್ಲದಿರುವುದೇ ಅಪಾಯ ಅನ್ನುವುದನ್ನು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಮುಖ್ಯರು ಪಾಲ್ ಬ್ರಾಂಡ್. 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿದ ಶಸ್ತ್ರವೈದ್ಯರು. 1946ರಿಂದ ವೆಲ್ಲೂರಿನಲ್ಲಿ ಕೆಲಸ ಮಾಡಿದರು. ಕುಷ್ಠ ಬಂದವರ ಬೆರಳು ತಾನಾಗಿ ಕೊಳೆತು ಉದುರುತ್ತದೆ ಅಂತ ಆಗಿನ ನಂಬಿಕೆ. ರೋಗಿಗಳನ್ನು ಹತ್ತಿರದಿಂದ ಗಮನಿಸಿ ಬ್ರಾಂಡ್ ಹೇಳಿದ್ದು ಬೇರೆ: ರೋಗ ನರವನ್ನು ಕೆಡಿಸಿ ನೋವನ್ನು ಕದಿಯುತ್ತದೆ, ಆಮೇಲೆ ಕಾಲನ್ನು ಕೆಡಿಸುವುದು ದಿನದಿನದ ಪೆಟ್ಟು, ಒತ್ತಡ, ಸುಟ್ಟ ಗಾಯ. ನಮಗೆ ಚಪ್ಪಲಿಯಲ್ಲಿ ಕಲ್ಲು ಸಿಕ್ಕಿದರೆ ಎರಡನೇ ಹೆಜ್ಜೆಗೆ ನಿಲ್ತೀವಿ. ನೋವಿಲ್ಲದವರು ಅದೇ ಕಲ್ಲಿನ ಮೇಲೆ ಊರು ಮುಟ್ಟುತ್ತಾರೆ. ಒತ್ತಡವನ್ನು ಹಂಚಿಬಿಡುವ ಮೆತ್ತನೆಯ ಮೈಕ್ರೋಸೆಲ್ಯುಲರ್ ರಬ್ಬರಿನ ಚಪ್ಪಲಿ ರೂಪುಗೊಂಡದ್ದು ವೆಲ್ಲೂರು, ಕರಿಗಿರಿಯ ಈ ಕೆಲಸದಿಂದ. ಎಂಸಿಆರ್ ಚಪ್ಪಲಿ ಅಂತ ಕೇಳಿದರೆ ಇವತ್ತು ಅಂಗಡಿಯಲ್ಲೂ ಸಿಗ್ತದೆ. ಕುಷ್ಠಕ್ಕೆ ಈಗ ಪೂರ್ತಿ ವಾಸಿಯಾಗುವ ಮದ್ದು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಇದೆ. ಬ್ರಾಂಡ್ ಕಲಿಸಿದ ಪಾಠ ಈಗ ಹೆಚ್ಚು ಬೇಕಾಗಿರುವುದು ಸಕ್ಕರೆ ಕಾಯಿಲೆಯವರಿಗೆ.

ಪಾದರಕ್ಷೆ ಅಂದಾಗ ಸಾಹಿತ್ಯದವರಿಗೆ ಹರಳಯ್ಯ ನೆನಪಾಗದೆ ಇರುವುದಿಲ್ಲ. ನಮ್ಮ ಸೀಮೆಯ ಮಾದಪ್ಪನ ಕಥೆಯಲ್ಲೂ ಹರಳಯ್ಯ ಬರ್ತಾನೆ, ಶ್ರವಣ ದೊರೆಯ ಅಳಿವಿಗೆ ಅರಗಿನ ಪಾದರಕ್ಷೆ ಕಾರಣವಾಗ್ತದೆ. ಕಾಲನ್ನು ಕಾಯುವುದೂ ಕೊಲ್ಲುವುದೂ ಮೆಟ್ಟೇ ಅನ್ನುವ ಅರಿವು ಹಾಡುವವರಿಗೆ ಇತ್ತು.

ಶುಗರ್ ಇರುವವರು ದಿನಾ ಮಾಡಬೇಕಾದದ್ದು: ರಾತ್ರಿ ಅಂಗಾಲು ನೋಡಿಕೊಳ್ಳುವುದು, ಬಗ್ಗಲಾಗದಿದ್ದರೆ ಕನ್ನಡಿ ನೆಲದಲ್ಲಿಟ್ಟು, ಇಲ್ಲಾ ಮೊಮ್ಮಕ್ಕಳ ಕೈಯಲ್ಲಿ ನೋಡಿಸಿ. ಮೆಟ್ಟುವ ಮುಂಚೆ ಚಪ್ಪಲಿಯೊಳಗೆ ಕೈಯಾಡಿಸುವುದು. ಬಿಸಿನೀರನ್ನು ಕಾಲಿಟ್ಟು ಪರೀಕ್ಷಿಸದೆ ಮೊಣಕೈಯಿಂದ ನೋಡುವುದು. ಉಗುರನ್ನು ನೇರ ಕತ್ತರಿಸುವುದು. ಮನೆಯೊಳಗೂ ಬರಿಗಾಲಲ್ಲಿ ಓಡಾಡದಿರುವುದು. ವರ್ಷಕ್ಕೊಮ್ಮೆಯಾದರೂ ಪಾದದ ಸ್ಪರ್ಶ ಪರೀಕ್ಷೆ ಮಾಡಿಸುವುದು. ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಒತ್ತಿ, ಕಣ್ಣು ಮುಚ್ಚಿದವರಿಗೆ ಗೊತ್ತಾಯಿತೇ ಅಂತ ಕೇಳ್ತಾರೆ, ಅಷ್ಟೇ. ಪಾದ ಇದ್ದಕ್ಕಿದ್ದಂತೆ ಬಿಸಿಯಾಗಿ, ಕೆಂಪಾಗಿ ಊದಿಕೊಂಡರೆ, ನೋವಿರಲಿ ಬಿಡಲಿ, ಅವತ್ತೇ ತೋರಿಸಬೇಕು. ಒಳಗೆ ಕೀವಾಗಿರಬಹುದು, ಇಲ್ಲವೇ ಮೂಳೆಗಳೇ ಕುಸಿಯುತ್ತಿರಬಹುದು.

7. ಯಾವ ಮಾತು ಏನು ಹೇಳುತ್ತದೆ

ಹಾಗಾಗಿ ಆಸ್ಪತ್ರೆಗೆ ಹಿರಿಯರ ಜೊತೆ ಹೋಗುವ ನಮ್ಮಂಥವರಿಗೆ ನನ್ನ ಕೋರಿಕೆ: ‘ನೋವು’ ಎಂಬ ಒಂದೇ ಪದಕ್ಕೆ ಎಲ್ಲವನ್ನೂ ಇಳಿಸಬೇಡಿ. ‘ಚುಚ್ಚುತ್ತದೆ’ ಅಂದರೆ ಯಾವ ಹೆಜ್ಜೆಗೆ ಅಂತ ಕೇಳಿ. ‘ಉರೀತದೆ’, ಅದೂ ರಾತ್ರಿ ಎರಡೂ ಅಂಗಾಲು, ಅಂದರೆ ನರದ ತೊಂದರೆ ಇರಬಹುದು. ‘ಸಿಡೀತದೆ’ ಅಂದರೆ ಒಳಗೆ ಕೀವು ಕಟ್ಟಿರಬಹುದು. ಹೆಬ್ಬೆರಳ ಬುಡ ರಾತ್ರೋರಾತ್ರಿ ಕೆಂಪಾಗಿ ಸಿಡಿದರೆ ಯೂರಿಕ್ ಆಮ್ಲದ ಸಂಧಿವಾತವೂ ಆಗಿರಬಹುದು. ನಡೆದಾಗ ಮೀನಖಂಡ ‘ಸೆಳೆದು’ ನಿಂತಾಗ ಬಿಟ್ಟರೆ ರಕ್ತನಾಳ ಕಟ್ಟಿಕೊಂಡಿರಬಹುದು, ಬೀಡಿ ಸೇದುವವರಲ್ಲಿ ಮುಖ್ಯವಾಗಿ. ‘ಜೋಮು’, ‘ಮರಗಟ್ಟಿದೆ’ ಅಂದರೆ ಅದನ್ನು ಮೊದಲ ವಾಕ್ಯದಲ್ಲೇ ಹೇಳಿ.

ಸಂವಾದ

ಸಹಪಾಠಿಯೊಬ್ಬರ ಪ್ರಶ್ನೆ: ಹರಕೆ ಹೊತ್ತು ಬರಿಗಾಲಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೆಯುವವರಿಗೆ, ಬಣ್ಣಾರಿಯಲ್ಲಿ ಕೆಂಡ ತುಳಿಯುವವರಿಗೆ ಏನು ಹೇಳ್ತೀರಿ?

ಉತ್ತರ: ನಮ್ಮ ಮನೆಯವರೂ ಹೋಗ್ತಾರೆ. ಹೋಗಬೇಡಿ ಅನ್ನುವ ಅಧಿಕಾರ ನನಗಿಲ್ಲ. ಸ್ಪರ್ಶ ಸರಿಯಿರುವವರಿಗೆ ಕಾಲೇ ಬುದ್ಧಿ ಹೇಳ್ತದೆ. ಸ್ಪರ್ಶ ಹೋದವರಿಗೆ ಬೊಬ್ಬೆ ಎದ್ದದ್ದೂ ತಿಳಿಯುವುದಿಲ್ಲ. ಅಂಥವರು ಕೆಂಡ ತುಳಿಯಬಾರದು, ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿ ನಡೆಯಬಾರದು. ಅಜ್ಜಿ ಈಗ ಎಂಸಿಆರ್ ಚಪ್ಪಲಿ ಮೆಟ್ಟಿ ಬಸ್ಸಲ್ಲಿ ಹೋಗಿ, ಬಾಗಿಲಲ್ಲಿ ಬಿಟ್ಟು, ದಪ್ಪ ಕಾಲುಚೀಲದಲ್ಲಿ ಒಳಗೆ ಹೋಗ್ತಾರೆ. "ಮಾದಪ್ಪ ಕಾಲ್ ಕೊಟ್ಟವ್ನೆ, ಕಾಪಾಡ್ಕಳಿ ಅಂತಲೇ ಕೊಟ್ಟವ್ನೆ" ಅನ್ನುವುದು ಅವರ ಸಮಾಧಾನ.

ಅಧ್ಯಾಪಕರೊಬ್ಬರ ಪ್ರಶ್ನೆ: ಇದರಲ್ಲಿ ಸಂಶೋಧನೆಗೆ ಮುಂದಿನ ದಾರಿ ಏನು?

ಉತ್ತರ: ಸರ್, ಗಡಿಭಾಗದ ಕನ್ನಡದಲ್ಲಿ ಮೈನೋವಿನ ಪದಗಳನ್ನು ಕಲೆಹಾಕಿ, ಪ್ರತಿಯೊಂದಕ್ಕೂ ತಮಿಳಿನ ಸಮಾನ ಪದವನ್ನು ಎದುರಿಗೆ ಬರೆದು ಒಂದು ಕೈಪಟ್ಟಿ ಮಾಡುವ ಯೋಚನೆ ಇದೆ. 2021ರಿಂದ ತಮಿಳುನಾಡಿನ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯಲ್ಲಿ ಬಿ.ಪಿ., ಶುಗರ್ ಮಾತ್ರೆ ಮನೆ ಬಾಗಿಲಿಗೇ ಬರುವಂತಾಗಿದೆ. ಮಾತ್ರೆ ತರುವವರ ಚೀಲದಲ್ಲಿ ಈ ಒಂದು ಹಾಳೆಯೂ ಇದ್ದರೆ ಸಾಕು. ಈವರೆಗೆ ನಲವತ್ತು ಚಿಲ್ಲರೆ ಪದ ಬರೆದಿದ್ದೀನಿ. ಮೊದಲನೆಯದು ‘ಮರಗಟ್ಟು’.

ಇವತ್ತು ರಾತ್ರಿ ಮಲಗುವ ಮುಂಚೆ ಮನೆಯ ಹಿರಿಯರ ಅಂಗಾಲನ್ನು ಒಮ್ಮೆ ನೋಡಿ.